ಹಿತ್ತಲ ಕೋಳಿ, ಸಾಕುವವಳ ಜೋಪಾನ

ಕೇಳುಗರಿಗೆ ನಮಸ್ಕಾರ. ಹೊಲದ ಪಹಣಿ ಯಾರ ಹೆಸರಿನಲ್ಲಾದರೂ ಇರಲಿ, ಹಿತ್ತಲ ಕೋಳಿಯ ದುಡ್ಡು ನಮ್ಮ ಹಳ್ಳಿಗಳಲ್ಲಿ ಬಹುಮಟ್ಟಿಗೆ ಹೆಂಗಸರ ಕೈಯಲ್ಲೇ ಉಳಿಯುತ್ತದೆ. ಚಳ್ಳಕೆರೆ, ಜಗಳೂರಿನಂತಹ ಮಳೆ ನೆಚ್ಚಿದ ಸೀಮೆಯಲ್ಲಿ ಬೆಳೆ ಕೈಕೊಟ್ಟ ವರ್ಷ ಮಗಳ ನೋಟ್‌ಬುಕ್ಕಿಗೆ, ಬಸ್ ಚಾರ್ಜಿಗೆ ಒದಗಿ ಬರುವುದು ಅದೇ. ಅದಕ್ಕೇ ಕೋಳಿಯ ಜೊತೆಗೆ ಕೋಳಿ ಸಾಕುವವಳ ಜೋಪಾನವನ್ನೂ ಇಂದು ಹೇಳಬೇಕೆಂದಿದ್ದೇನೆ.

ಮೊದಲು ಕಾಳಿನ ಮಾತು. ದಾವಣಗೆರೆ ಸೀಮೆಯಲ್ಲಿ ಎಲ್ಲಿ ನೋಡಿದರೂ ಮೆಕ್ಕೆಜೋಳ. ಒಕ್ಕಣೆಯ ಹೊತ್ತಿಗೆ ಮಳೆ ಹಿಡಿದು, ಕಣದಲ್ಲೇ ನೆಂದು ಬೂಷ್ಟು ಬಂದ ಕಾಳನ್ನು ವ್ಯಾಪಾರಿ ಬೇಡವೆಂದರೆ, ‘ಕೋಳಿಗಾದರೂ ಆಗಲಿ’ ಎಂದು ಮೂಲೆಗೆ ಎತ್ತಿಡುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಹಸಿರು ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಕೋಳಿಯ ಯಕೃತ್ತನ್ನು ಕೆಡಿಸುತ್ತದೆ, ಮರಿಗಳನ್ನಂತೂ ಬೇಗ ಬಲಿ ತೆಗೆದುಕೊಳ್ಳುತ್ತದೆ. ತೊಳೆದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ಶೇಂಗಾ ಹಿಂಡಿಗೂ ಇದೇ ಎಚ್ಚರ ಬೇಕು. ಹಾಗೆಯೇ ಬಿತ್ತನೆಯ ನಂತರ ಚೀಲದ ತಳದಲ್ಲಿ ಉಳಿಯುವ ಕೆಂಪು ಬಣ್ಣದ ಬೀಜಕ್ಕೆ ಔಷಧ ಲೇಪಿಸಿರುತ್ತಾರೆ. ಅದನ್ನು ತೊಳೆದು ಹಾಕುವುದೂ ಬೇಡ, ಆ ಚೀಲದಲ್ಲಿ ಅಕ್ಕಿ ರಾಗಿ ತುಂಬುವುದೂ ಬೇಡ.

ಗೂಡನ್ನು ಒಣಗಿದ್ದಾಗಲೇ ಗುಡಿಸಿದರೆ ಹಿಕ್ಕೆಯ ದೂಳು ನೇರವಾಗಿ ಎದೆಗಿಳಿಯುತ್ತದೆ. ನೀರು ಚಿಮುಕಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಗುಡಿಸಿ. ಸೆರಗು ಹಿಡಿದರೆ ಸಾಲದೇ ಎಂದು ಕೇಳಬಹುದು. ಅದೇ ಸೆರಗಿನಲ್ಲಿ ಅಲ್ಲವೇ ತಾಯಿ, ಆಮೇಲೆ ನಾವು ಮಗುವಿನ ಬಾಯಿ ಒರೆಸುವುದು? ಅದಕ್ಕೆಂದೇ ಒಂದು ಹಳೆಯ ಬಟ್ಟೆ ಇರಲಿ, ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಗರ್ಭಿಣಿಯರಿರುವ ಮನೆಯಲ್ಲಿ ಈ ಕೆಲಸವನ್ನು ಗಂಡಸರು ಮಾಡಲಿ, ಅದರಲ್ಲಿ ಸಣ್ಣತನವೇನೂ ಇಲ್ಲ.

ತೂಕಡಿಸುವ ಕೋಳಿಯನ್ನು ಸಾಯುವ ಮೊದಲೇ ಕೊಯ್ದು ಸಾರು ಮಾಡುವುದುಂಟು. ದುಡ್ಡು ಹೋಯಿತಲ್ಲ ಎಂಬ ಸಂಕಟ ನನಗೆ ಅರ್ಥವಾಗುತ್ತದೆ. ಚೆನ್ನಾಗಿ ಕುದಿಸಿದರೆ ರೋಗಾಣು ಸಾಯುತ್ತದೆ, ನಿಜ. ಆದರೆ ಅಷ್ಟರಲ್ಲಿ ಪುಕ್ಕ ಕಿತ್ತು ಕರುಳು ತೆಗೆದವಳ ಕೈಗೆ, ಮೂಗಿಗೆ, ಈಳಿಗೆಮಣೆಗೆ ಅದು ತಲುಪಿರುತ್ತದೆ. 2025ರ ಆರಂಭದಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನಲ್ಲಿ ಹಕ್ಕಿ ಜ್ವರ ಕಾಣಿಸಿಕೊಂಡಿತ್ತು. ನಮ್ಮ ಮೊಳಕಾಲ್ಮುರಿಗೆ ಅದು ದೂರದ ಊರೇನಲ್ಲ. ಸತ್ತ ಕೋಳಿಯನ್ನು ಹಳ್ಳಕ್ಕೋ ತಿಪ್ಪೆಗೋ ಎಸೆಯದೆ, ನಾಯಿ ಕೆದಕಲಾರದಷ್ಟು ಆಳದಲ್ಲಿ ಸುಣ್ಣ ಹಾಕಿ ಹೂಳಿ. ನಾಲ್ಕಾರು ಕೋಳಿ ಒಟ್ಟಿಗೆ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ತಿಳಿಸಿ. ಸಂತೆಯಿಂದ ತಂದ ಕೋಳಿಯನ್ನು ಎರಡು ವಾರ ಬೇರೆಯಾಗಿ ಕಟ್ಟಿ.

ಇನ್ನು ಕೊಕ್ಕರೆ ರೋಗ. ಹಸಿರು ಭೇದಿ, ಜೋತ ರೆಕ್ಕೆ, ತಿರುಚಿದ ಕತ್ತು. ಒಂದು ಗೂಡಿಗೆ ಬಂದರೆ ಓಣಿಯನ್ನೇ ಖಾಲಿ ಮಾಡುತ್ತದೆ. ಬಂದ ಮೇಲೆ ಮದ್ದಿಲ್ಲ. ತಡೆಯಲು ಲಸಿಕೆ ಇದೆ: ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, 8 ವಾರವಾದಾಗ ಚುಚ್ಚುಮದ್ದು. ತೊಡಕಿರುವುದು ಸೀಸೆಯಲ್ಲಿ. ಒಂದು ಸೀಸೆ ನೂರಾರು ಕೋಳಿಗೆ ಆಗುವಷ್ಟಿರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಕೋಳಿಯ ಮನೆಗಾಗಿ ಯಾರು ಅದನ್ನು ಒಡೆಯುತ್ತಾರೆ? ಒಬ್ಬೊಬ್ಬರೇ ಹೋಗಿ ಕೇಳಿದರೆ ಆಗದ ಕೆಲಸ ಸಂಘದಿಂದ ಆಗುತ್ತದೆ. ಮುಂದಿನ ಸ್ವಸಹಾಯ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ, ಯಾರ ಮನೆಯಲ್ಲಿ ಎಷ್ಟು ಕೋಳಿ, ಎಷ್ಟು ಮರಿ ಎಂದು ಬರೆದುಕೊಳ್ಳಿ. ಆ ಪಟ್ಟಿಯನ್ನು ಪಶು ಸಖಿಗೆ, ಅಂದರೆ ಊರಿನ ದನ-ಕೋಳಿಗಳ ಆರೋಗ್ಯ ನೋಡಿಕೊಳ್ಳಲು ತರಬೇತಿ ಪಡೆದ ಹೆಣ್ಣುಮಗಳಿಗೆ, ಕೊಟ್ಟು ದಿನ ಗೊತ್ತುಮಾಡಿ. ಲಸಿಕೆ ಮಂಜುಗಡ್ಡೆಯ ಥರ್ಮಾಸಿನಲ್ಲಿ ಬರಲಿ, ಬಿಸಿಲು ಕಂಡರೆ ಅದು ಕೆಡುತ್ತದೆ. ಹಿಂದಿನ ರಾತ್ರಿ ಎಲ್ಲರೂ ಗೂಡಿನ ಬಾಗಿಲು ಭದ್ರ ಮಾಡಿ, ಬೆಳಗ್ಗೆ ಲಸಿಕೆ ಆಗುವವರೆಗೆ ಒಂದು ಕೋಳಿಯನ್ನೂ ಹೊರಗೆ ಬಿಡಬೇಡಿ.

ನಮಸ್ಕಾರ.