ಹಳೆಯ ಮನೆಯ ಹೊಸ ಮಾಡು: ಹೆಂಚಿನ ಕೆಳಗಿನ ಲೆಕ್ಕಾಚಾರ

ನಮಸ್ಕಾರ. ನಗರದ ನಡುವೆ, ಅಕ್ಕಪಕ್ಕದ ಕಟ್ಟಡಗಳಿಗೆ ಒತ್ತಿಕೊಂಡಂತೆ ನಿಂತಿರುವ ನಮ್ಮ ಹಳೆಯ ಮನೆಯ ಮಾಡನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿಸಿದ ಕೆಲಸವನ್ನು ಈ ವಿಡಿಯೋದಲ್ಲಿ ತೋರಿಸುತ್ತಿದ್ದೇನೆ. ಮುಂಭಾಗದ ಎರಡು ಇಳಿಜಾರುಗಳಿಗೆ ಮಣ್ಣಿನ ಹೆಂಚು ಹೊದಿಸಲಾಗಿತ್ತು. ಹಿಂಭಾಗದ ಇಳಿಮಾಡಿಗೆ ಯಾವುದೋ ಕಾಲದಲ್ಲಿ ಕಲ್ನಾರಿನ (ಆಸ್ಬೆಸ್ಟಾಸ್) ಶೀಟು ಹಾಕಿದ್ದರು. ಮೊದಲು ಬಂದು ನೋಡಿದವರೆಲ್ಲ ಹೆಂಚಿನ ಬಣ್ಣದ ಬಗ್ಗೆ, ಹೊಸ ಶೀಟಿನ ಹೊಳಪಿನ ಬಗ್ಗೆ ಮಾತನಾಡಿದರು. ಅಟ್ಟಕ್ಕೆ ಹತ್ತಿ ಮರವನ್ನು ನೋಡುತ್ತೇನೆಂದವರು ಒಬ್ಬ ಹಿರಿಯ ಬಡಗಿ ಮಾತ್ರ. ಮಾಡಿನ ಆಯುಷ್ಯ ತೀರ್ಮಾನವಾಗುವುದು ಅಲ್ಲಿಯೇ, ಅಂದರೆ ಮೇಲೆ ಕಾಣದ ಮರದಲ್ಲಿ ಮತ್ತು ಗೋಡೆ ಮಾಡನ್ನು ಕೂಡುವ ಸಂದುಗಳಲ್ಲಿ, ಎಂಬುದು ನನಗೆ ಮನವರಿಕೆಯಾಗಿದ್ದು ಅವರ ಜೊತೆ ಟಾರ್ಚು ಹಿಡಿದು ನಿಂತಾಗ.

ಪರದೆಯ ಮೇಲೆ ಕಾಣುತ್ತಿರುವ ಈ ಕಂದು ಕಲೆ ನಡುಮನೆಯ ಮೇಲ್ಗಡೆಯದು. ನೀರು ತೊಟ್ಟಿಕ್ಕುವ ಜಾಗದ ನೇರ ಮೇಲೆಯೇ ಹೆಂಚು ಒಡೆದಿರುತ್ತದೆ ಎಂದು ಭಾವಿಸುವುದು ಸಹಜ, ಆದರೆ ಇಳಿಜಾರಿನ ಮಾಡಿನಲ್ಲಿ ಹಾಗೆ ಆಗುವುದು ಅಪರೂಪ. ಎಲ್ಲೋ ಮೇಲೆ ಒಳಬಂದ ನೀರು ಪಕಾಸಿನ, ಅಂದರೆ ನೆತ್ತಿಯಿಂದ ಸೂರಿನವರೆಗೆ ಓರೆಯಾಗಿ ಇಳಿಯುವ ಮರದ, ಅಡಿಮೈಗೆ ಅಂಟಿಕೊಂಡು ಜಾರುತ್ತದೆ, ಪಕಾಸುಗಳ ಮೇಲೆ ಅಡ್ಡಲಾಗಿ ಹೊಡೆದ ರೀಪೋ ಮೊಳೆಯೋ ಅಡ್ಡ ಬಂದಲ್ಲಿ ತೊಟ್ಟಿಕ್ಕುತ್ತದೆ. ಹೀಗಾಗಿ ಕಲೆ ಒಂದೆಡೆ, ತೂತು ಇನ್ನೊಂದೆಡೆ. ಮಳೆ ಇಲ್ಲದ ದಿನ ಇದನ್ನು ಪತ್ತೆ ಹಚ್ಚಬೇಕಾದರೆ ಒಬ್ಬರು ಅಟ್ಟದಲ್ಲಿದ್ದು ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು, ಅದೂ ಸೂರಿನ ಅಂಚಿನಿಂದ ಆರಂಭಿಸಿ ಸ್ವಲ್ಪಸ್ವಲ್ಪವೇ ಮೇಲಕ್ಕೆ ಹೋಗುತ್ತ. ಮೊದಲೇ ನೆತ್ತಿಗೆ ನೀರು ಸುರಿದರೆ ಇಡೀ ಇಳಿಜಾರು ನೆನೆದು, ಯಾವ ಸಂದಿನಿಂದ ಒಳಬಂತು ಎಂಬುದು ಗೊತ್ತಾಗುವುದೇ ಇಲ್ಲ.

ನಮ್ಮ ಮನೆಯಲ್ಲಿ ಒಡೆದ ಹೆಂಚುಗಳು ಇದ್ದವು, ಆದರೆ ನೀರಿನ ಮುಖ್ಯ ದಾರಿ ಪಕ್ಕದ ಎತ್ತರದ ಗೋಡೆಗೆ ಮಾಡು ತಾಗುವ ಗೆರೆಯಾಗಿತ್ತು. ಅದಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ಮೊದಲು ಮರದ ವಿಷಯ ಹೇಳಬೇಕು.

ಮರವನ್ನು ತಿನ್ನುವ ಶಿಲೀಂಧ್ರಕ್ಕೆ ತೇವ ಬೇಕು. ಮರದ ತೇವಾಂಶ ಶೇಕಡಾ 20ಕ್ಕಿಂತ ಕೆಳಗೆ ಉಳಿದರೆ ಅದು ಬೆಳೆಯುವುದಿಲ್ಲ. ನೂರು ವರ್ಷದ ಮರ ಕೆಲವು ಮನೆಗಳಲ್ಲಿ ಗಟ್ಟಿಯಾಗಿಯೇ ಇರುವುದಕ್ಕೆ ಜಾತಿಯ ಮರ ಎಂಬುದು ಒಂದು ಕಾರಣವಾದರೆ, ಗಾಳಿಯಾಡುವ ಒಣ ಅಟ್ಟ ಇನ್ನೊಂದು ಕಾರಣ. ಪಕಾಸಿನ ನಡುಭಾಗ ಹೆಚ್ಚಾಗಿ ಚೆನ್ನಾಗಿಯೇ ಇರುತ್ತದೆ. ಕೆಡುವುದು ತುದಿ, ಅಂದರೆ ಗೋಡೆಯೊಳಗೆ ಹುದುಗಿರುವ ಭಾಗ, ಏಕೆಂದರೆ ಅಲ್ಲಿ ಗೋಡೆಯ ತೇವವೂ ಸೇರುತ್ತದೆ, ಗಾಳಿಯೂ ಸುಳಿಯುವುದಿಲ್ಲ. ಬಡಗಿ ಯಾವ ಯಂತ್ರವನ್ನೂ ತೆಗೆಯದೆ ಒಂದು ಚೂಪಾದ ದಬ್ಬಳದಿಂದ ಪ್ರತಿ ತುದಿಯನ್ನೂ ಚುಚ್ಚಿ, ಸುತ್ತಿಗೆಯ ಹಿಡಿಯಿಂದ ತಟ್ಟಿ, ಸದ್ದು ಕೇಳಿ, ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಹೋದರು. ದಬ್ಬಳ ಸಲೀಸಾಗಿ ಇಳಿದಲ್ಲಿ ಕೊಳೆತಿದೆ ಎಂದರ್ಥ. ಪೊಳ್ಳು ಸದ್ದು ಬಂದಲ್ಲಿ ಗೆದ್ದಲಿನ ಅನುಮಾನ, ಗೋಡೆಯ ಮೇಲೆ ಮಣ್ಣಿನ ಕೊಳವೆಯಂತಹ ದಾರಿ ಕಂಡರೆ ಅನುಮಾನವೂ ಉಳಿಯುವುದಿಲ್ಲ. ತುದಿ ಮಾತ್ರ ಕೆಟ್ಟಿರುವ ಪಕಾಸನ್ನು ಇಡಿಯಾಗಿ ಎಸೆಯಬೇಕಿಲ್ಲ. ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ಹೊಸ ಮರವನ್ನು ಉದ್ದನೆಯ ಓರೆ ಜೋಡಣೆಯಿಂದ ಸೇರಿಸಿ ಬೋಲ್ಟು ಹಾಕಬಹುದು. ಹಳೆಯ ಮರ ಇಂದಿನ ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ಮರಕ್ಕಿಂತ ಒತ್ತಾಗಿ ಬೆಳೆದದ್ದು. ಅದನ್ನು ಉಳಿಸಿಕೊಳ್ಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮರವನ್ನು ಗಮನಿಸಿ. ಎದುರುಬದುರಿನ ಎರಡು ಗೋಡೆಗಳ ನಡುವೆ ಅಡ್ಡಲಾಗಿ ಹಾದುಹೋಗುವ ಈ ತೊಲೆ ಸುಮ್ಮನೆ ಇರುವುದಲ್ಲ. ಇಳಿಜಾರಾಗಿ ಒರಗಿ ನಿಂತ ಪಕಾಸುಗಳು ತಮ್ಮ ಭಾರದಿಂದ ಗೋಡೆಗಳನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತವೆ. ಆ ತಳ್ಳಾಟವನ್ನು ಎರಡು ಕಡೆಯಿಂದಲೂ ಎಳೆದು ಹಿಡಿಯುವುದು ಈ ಅಡ್ಡತೊಲೆ. ಅಟ್ಟದಲ್ಲಿ ತಲೆ ತಾಗುತ್ತದೆ, ಕೋಣೆ ಮಾಡಲು ಅಡ್ಡವಾಗುತ್ತದೆ ಎಂದು ಇದನ್ನು ಕತ್ತರಿಸುವ ಸಲಹೆ ನನಗೂ ಬಂದಿತ್ತು. ಅಂತಹ ಸಲಹೆ ಕೊಡುವವರಿಗೆ ಮಾಡಿನ ಕೆಲಸ ಒಪ್ಪಿಸಬಾರದು.

ಈಗ ಯಾವ ಹೊದಿಕೆ ಎಂಬ ಪ್ರಶ್ನೆ. ಒಂದಕ್ಕೊಂದು ಕೂಡುವ ಮಣ್ಣಿನ ಹೆಂಚು ಒಂದು ಚದರ ಮೀಟರಿಗೆ ಸುಮಾರು 40 ಕಿಲೋ ತೂಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಅಷ್ಟೇ ಜಾಗಕ್ಕೆ 4 ಕಿಲೋಗಿಂತ ತುಸು ಹೆಚ್ಚು. 100 ಮಿಲಿಮೀಟರ್ ದಪ್ಪದ ಕಾಂಕ್ರೀಟ್ ತಾರಸಿಯಾದರೆ ಸುಮಾರು 250 ಕಿಲೋ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಗೋಡೆಯ ಮೇಲೆ ತಾರಸಿ ಹಾಕಿಬಿಡೋಣ ಎನ್ನುವ ಮೊದಲು ಈ ಅಂಕಿಯನ್ನು ರಚನಾ ಎಂಜಿನಿಯರ್ ಒಬ್ಬರ ಮುಂದೆ ಇಡಬೇಕು, ಏಕೆಂದರೆ ಮಾಡಿನಿಂದ ಅಡಿಪಾಯದವರೆಗೆ ಇಳಿಯುವ ಭಾರ ಹಲವು ಪಟ್ಟು ಹೆಚ್ಚುತ್ತದೆ. ತಗಡು ಹಗುರ, ಹಾಗಾಗಿ ಅದರಿಂದ ತೊಂದರೆಯೇ ಇಲ್ಲ ಎಂಬ ಮಾತೂ ಪೂರ್ತಿ ಸರಿಯಲ್ಲ. ಜೋರು ಗಾಳಿ ಮಾಡನ್ನು ಕೆಳಕ್ಕೆ ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಹೀರುತ್ತದೆ, ಅದರಲ್ಲೂ ಮೂಲೆಗಳಲ್ಲಿ, ಸೂರಿನ ಅಂಚಿನಲ್ಲಿ ಮತ್ತು ನೆತ್ತಿಯ ಬಳಿ. ಹೆಂಚಿನ ಮಾಡು ಬಹುಮಟ್ಟಿಗೆ ತನ್ನ ಭಾರದಿಂದಲೇ ಕೂತಿರುತ್ತದೆ. ಆ ಭಾರವನ್ನು ತೆಗೆದು ತಗಡು ಹಾಕಿದವರು ತಗಡನ್ನು ರೀಪಿಗೆ, ರೀಪನ್ನು ಪಕಾಸಿಗೆ, ಪಕಾಸನ್ನು ಗೋಡೆಗೆ, ಹೀಗೆ ಸರಪಣಿಯಂತೆ ಕೊನೆಯವರೆಗೆ ಬಿಗಿಯಬೇಕು. ತಗಡಿಗೆ ಮಾತ್ರ ಸ್ಕ್ರೂ ಹೊಡೆದು ಬಿಟ್ಟರೆ, ಬಿರುಗಾಳಿಯಲ್ಲಿ ತಗಡಿನ ಜೊತೆ ರೀಪೂ ಎದ್ದುಹೋಗುತ್ತದೆ. ತಗಡಿಗೆ ಇನ್ನೊಂದು ಗುಣವಿದೆ: ನಿರ್ಮಲ ಆಕಾಶದ ರಾತ್ರಿ ಅದು ಬೇಗ ತಣ್ಣಗಾಗುತ್ತದೆ, ಮನೆಯೊಳಗಿನ ಬೆಚ್ಚನೆಯ ತೇವದ ಗಾಳಿ ಅದರ ಅಡಿಮೈಗೆ ತಾಗಿ ಹನಿಗಟ್ಟುತ್ತದೆ, ಮಳೆಯಿಲ್ಲದೆಯೂ ಸೋರಿದಂತೆ ಕಾಣುತ್ತದೆ. ಸಂದುಗಳಿರುವ ಹೆಂಚಿನ ಮಾಡಿಗೆ ಈ ಕಾಟ ಕಡಿಮೆ. ತಗಡಿನ ಕೆಳಗೆ ತೇವ ತಡೆಯುವ ಹಾಳೆ, ಸೂರಿನಲ್ಲಿ ಗಾಳಿ ಒಳಬರಲು ಮತ್ತು ನೆತ್ತಿಯಲ್ಲಿ ಹೊರಹೋಗಲು ದಾರಿ, ಇವೆರಡೂ ಇರಲೇಬೇಕು.

ಇದನ್ನೆಲ್ಲ ತೂಗಿ ನೋಡಿ ಮುಂಭಾಗಕ್ಕೆ ಹೆಂಚನ್ನೇ ಉಳಿಸಿಕೊಂಡೆ, ಇಳಿಜಾರು ಕಡಿಮೆಯಿರುವ ಹಿಂದಿನ ಇಳಿಮಾಡಿಗೆ ತಗಡು ಹಾಕಿಸಿದೆ. ಇಳಿಜಾರು ಚಪ್ಪಟೆಯಾದಷ್ಟೂ ಗಾಳಿ ಬೀಸಿದ ನೀರು ಹೆಂಚಿನ ಸಂದಿನಲ್ಲಿ ಹಿಂದಕ್ಕೆ ಹತ್ತುತ್ತದೆ, ಆದ್ದರಿಂದ ಆ ಭಾಗದಲ್ಲಿ ಹೆಂಚಿನ ಹಟ ಹಿಡಿಯಲಿಲ್ಲ.

ಹೆಂಚಿನ ಆಯ್ಕೆಯಲ್ಲಿ ಒಂದು ತೊಡಕು ಇತ್ತು. ಒಂದಕ್ಕೊಂದು ಕೂಡುವ ಹೆಂಚಿಗೆ ಫ್ರಾನ್ಸಿನ ಗಿಲಾರ್ಡೋನಿ ಸಹೋದರರು 1841ರಲ್ಲಿ ಪೇಟೆಂಟ್ ಪಡೆದರು; ಆ ಬಗೆ ಅಲ್ಲಿಂದ ಜಗತ್ತಿನ ಹಲವೆಡೆಗೆ ಹರಡಿತು, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದರು. ಹೀಗೆ ಬೇರೆ ಬೇರೆ ಕಾರ್ಖಾನೆಗಳಲ್ಲಿ, ಬೇರೆ ಬೇರೆ ಅಚ್ಚಿನಲ್ಲಿ ತಯಾರಾದ ಹೆಂಚುಗಳು ನೋಡಲು ಒಂದೇ ಥರ ಇದ್ದರೂ ಗೀರು ಗೀರಿಗೆ ಕೂಡುವುದಿಲ್ಲ. ಕೆಲವೇ ಮಿಲಿಮೀಟರುಗಳ ವ್ಯತ್ಯಾಸವಿದ್ದರೂ ಒಂದು ಸಾಲು ಮುಗಿಯುವ ಹೊತ್ತಿಗೆ ಹೆಂಚು ಬಾಯಿ ಬಿಡುತ್ತದೆ. ಆದ್ದರಿಂದ ಇಳಿಸಿದ ಹಳೆಯ ಹೆಂಚನ್ನೆಲ್ಲ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಕಂಚಿನ ಸದ್ದು ಬಂದದ್ದನ್ನು ಒಂದು ಕಡೆ, ಮಂದ ಸದ್ದು ಬಂದದ್ದನ್ನು ಇನ್ನೊಂದು ಕಡೆ ಪೇರಿಸಿದೆವು. ಒಳ್ಳೆಯವೆಲ್ಲ ಬೀದಿಗೆ ಕಾಣುವ ಇಳಿಜಾರಿಗೆ ಹೋದವು, ಹೊಸದಾಗಿ ತಂದವೆಲ್ಲ ಮುಂಭಾಗದ ಮಾಡಿನದೇ ಇನ್ನೊಂದು ಇಳಿಜಾರಿಗೆ. ಒಂದೇ ಇಳಿಜಾರಿನಲ್ಲಿ ಎರಡನ್ನೂ ಬೆರೆಸಲಿಲ್ಲ. ನೆತ್ತಿಯ ಮೇಲೆ ಕವುಚುವ ಹೆಂಚುಗಳನ್ನು ಕೂರಿಸಲು ಬರಿಯ ಸಿಮೆಂಟಿನ ಬದಲು ಸುಣ್ಣ ಬೆರೆಸಿದ ಗಾರೆ ಬಳಸಲಾಯಿತು. ಮರದ ಮಾಡು ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುವಾಗ ಬಿರುಸಾದ ಸಿಮೆಂಟು ಬಿರಿಯುತ್ತದೆ, ಸುಣ್ಣದ ಗಾರೆ ಸ್ವಲ್ಪ ಒಗ್ಗಿಕೊಳ್ಳುತ್ತದೆ.

ಕಲ್ನಾರಿನ ಶೀಟಿನ ಬಗ್ಗೆ ನಿಧಾನವಾಗಿ ಹೇಳಬೇಕು. ಕಲ್ನಾರಿನ ನೂಲು ಶ್ವಾಸಕೋಶಕ್ಕೆ ಸೇರಿದರೆ ಕ್ಯಾನ್ಸರ್ ಸಹಿತ ಗಂಭೀರ ಕಾಯಿಲೆಗಳು ಹಲವು ದಶಕಗಳ ನಂತರ ಕಾಣಿಸಿಕೊಳ್ಳಬಹುದು. ಎಲ್ಲ ಬಗೆಯ ಕಲ್ನಾರನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗ ಸೇರಿಸಿದೆ. ಶೀಟು ಅಲುಗದೆ ಇರುವಾಗ ಅಪಾಯ ಕಡಿಮೆ. ಅದನ್ನು ಒಡೆದಾಗ, ಗರಗಸ ಹಾಕಿದಾಗ, ಒಣ ಪೊರಕೆಯಿಂದ ಗುಡಿಸಿದಾಗ ನೂಲು ಗಾಳಿಗೆ ಏರುತ್ತದೆ. ಮುಖಕ್ಕೆ ಕಟ್ಟಿದ ಬಟ್ಟೆ ಅದನ್ನು ತಡೆಯುವುದಿಲ್ಲ. ಆದ್ದರಿಂದ ಇದಕ್ಕೆಂದೇ ತರಬೇತಿ ಪಡೆದವರು ಬಂದು, ಶೀಟನ್ನು ನೀರಿನಿಂದ ನೆನೆಸಿ, ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಅಂತಹ ತ್ಯಾಜ್ಯಕ್ಕೆ ಅನುಮತಿ ಇರುವ ಜಾಗಕ್ಕೇ ಸಾಗಿಸಿದರು. ಆ ಹೊತ್ತಿನ ದೃಶ್ಯಗಳನ್ನು ದೂರದಿಂದ ಚಿತ್ರೀಕರಿಸಿರುವುದು ಅದಕ್ಕಾಗಿಯೇ. ಹಳೆಯ ಶೀಟು ಮನುಷ್ಯನ ತೂಕವನ್ನು ತಾಳುವುದಿಲ್ಲ ಎಂಬುದೂ ನೆನಪಿರಲಿ. ಹಲಗೆ ಹಾಸದೆ ಅದರ ಮೇಲೆ ಕಾಲಿಟ್ಟು ಕೆಳಗೆ ಬಿದ್ದು ಸಾಯುವವರಿದ್ದಾರೆ.

ಈಗ ಪಕ್ಕದ ಗೋಡೆ. ಮಾಡು ಮತ್ತು ಗೋಡೆ ಸೇರುವ ಈ ಮೂಲೆಗೆ ಹಿಂದೆ ಸಿಮೆಂಟು ಮೆತ್ತಿದ್ದರು, ಅದು ಬಿರಿದ ಮೇಲೆ ಡಾಂಬರು, ಅದರ ಮೇಲೆ ಯಾವುದೋ ಸೀಲಂಟು. ಮರದ ಮಾಡು ಚಲಿಸುತ್ತದೆ, ಗೋಡೆ ಚಲಿಸುವುದಿಲ್ಲ. ಎರಡಕ್ಕೂ ಅಂಟಿಕೊಂಡ ಯಾವ ಮೆತ್ತಿಕೆಯೂ ಹೆಚ್ಚು ಕಾಲ ಉಳಿಯುವಂತಿಲ್ಲ. ಇದಕ್ಕೆ ಸರಿಯಾದ ಕ್ರಮ ಎರಡು ಬಿಡಿ ತಗಡುಗಳದ್ದು. ಮೊದಲನೆಯದು ಹೆಂಚಿನ ಕಡೆಯಿಂದ ಬಂದು ಗೋಡೆಯ ಮೇಲೆ ಸುಮಾರು 150 ಮಿಲಿಮೀಟರ್ ಏರುತ್ತದೆ, ಆದರೆ ಗೋಡೆಗೆ ಬಿಗಿಯುವುದಿಲ್ಲ. ಎರಡನೆಯದರ ಮೇಲಂಚನ್ನು ಇಟ್ಟಿಗೆಯ ಗಾರೆ ಸಂದಿನಲ್ಲಿ ಕೊರೆದ ಕಚ್ಚಿನೊಳಗೆ ತೂರಿಸಿ, ಮೊದಲನೆಯ ತಗಡಿನ ಮೇಲೆ ಇಳಿಬಿಡಲಾಗುತ್ತದೆ. ಮಾಡು ಅಲುಗಿದಾಗ ಒಂದರ ಹಿಂದೆ ಇನ್ನೊಂದು ಜಾರುತ್ತದೆ, ನೀರಿಗೆ ಮಾತ್ರ ದಾರಿ ಸಿಗುವುದಿಲ್ಲ. ಕಚ್ಚು ಕೊರೆಯಬೇಕಾದದ್ದು ನೆರೆಯವರ ಗೋಡೆಯಲ್ಲಿ, ಆದ್ದರಿಂದ ಕೆಲಸಕ್ಕೆ ಮೊದಲೇ ಅವರ ಲಿಖಿತ ಒಪ್ಪಿಗೆ ಪಡೆದಿದ್ದೆ. ಎರಡು ತಗಡುಗಳೂ ಒಂದೇ ಲೋಹದವು. ತಾಮ್ರದ ಮೇಲಿಂದ ಹರಿದ ನೀರು ಸತು ಲೇಪಿಸಿದ ಉಕ್ಕಿನ ಮೇಲೆ ಬಿದ್ದರೆ ಸತು ಬೇಗನೆ ಕರಗುತ್ತದೆ.

ಮಾಡಿನ ನೀರನ್ನು ಹಿಡಿದು ಹೊರಹರಿಸುವ ದಂಬೆಯ ಅಳತೆಗೆ ಸರಳವಾದ ಲೆಕ್ಕವಿದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ಮಾಡಿನ ಮೇಲೆ ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಸುರಿದರೆ 5000 ಲೀಟರ್ ಹೊರಹೋಗಬೇಕು. ಹಳೆಯ ಕಿರಿದಾದ ದಂಬೆಗೆ ಅದು ಸಾಧ್ಯವಿರಲಿಲ್ಲ, ಬದಲಿಸಿದೆವು.

ಒಪ್ಪಂದದ ಬಗ್ಗೆ ಎರಡು ಮಾತು. ಹೆಂಚು ಇಳಿಸುವ ಮೊದಲು ಎಷ್ಟು ಮರ ಕೆಟ್ಟಿದೆ ಎಂದು ಯಾರೂ ಖಚಿತವಾಗಿ ಹೇಳಲಾರರು, ಹಾಗಾಗಿ ಹೆಚ್ಚುವರಿ ಮರಕ್ಕೆ ಅಡಿಯೊಂದಕ್ಕೆ ಇಷ್ಟು ಎಂಬ ದರವನ್ನು ಮೊದಲೇ ಬರೆಸಿಕೊಂಡಿದ್ದೆ. ದಿನಕ್ಕೆ ಎಷ್ಟು ಬಿಚ್ಚುತ್ತಾರೋ ಅಷ್ಟನ್ನೂ ಸಂಜೆಯೊಳಗೆ ಮುಚ್ಚಬೇಕು ಅಥವಾ ಟಾರ್ಪಾಲು ಬಿಗಿದು ಹೋಗಬೇಕು ಎಂಬುದೂ ಅದರಲ್ಲಿತ್ತು. ಕೊನೆಯ ಕಂತಿನ ಹಣ ಮೊದಲ ಜೋರು ಮಳೆ ಕಳೆದ ನಂತರ ಎಂದು ಬರೆದಾಗ ಗುತ್ತಿಗೆದಾರರು ಸ್ವಲ್ಪ ಮುಖ ಗಂಟಿಕ್ಕಿದರು, ಆದರೂ ಸಹಿ ಹಾಕಿದರು. ಆ ಮಳೆ ಬಂತು. ಅಟ್ಟದಲ್ಲಿ ಟಾರ್ಚು ಹಿಡಿದು ಗೋಡೆಯ ಮೂಲೆ, ನೆತ್ತಿ, ದಂಬೆಯ ಬಾಯಿ ಎಲ್ಲವನ್ನೂ ಇಬ್ಬರೂ ನೋಡಿದೆವು, ಇಳಿಮಾಡಿನ ಒಂದು ಸ್ಕ್ರೂ ಕೆಳಗೆ ಮಾತ್ರ ತೇವ ಕಂಡಿತು. ಮರುದಿನ ಅದರ ರಬ್ಬರ್ ವಾಷರ್ ಬದಲಿಸಿದ ಮೇಲೆ ಬಾಕಿ ಹಣ ಪಾವತಿಸಿದೆ.