ವರ್ಷ ಹೇಳದ ಥ್ರೋಬ್ಯಾಕ್ ಜರ್ಸಿ ನನಗೆ ಬೇಡ

ನಮಸ್ಕಾರ ಎಲ್ಲರಿಗೂ.

1990ರ ಫೆಬ್ರವರಿ 14ರಂದು ಶಿಕಾಗೊ ಬುಲ್ಸ್ ಬ್ಯಾಸ್ಕೆಟ್‌ಬಾಲ್ ತಂಡ ಒರ್ಲ್ಯಾಂಡೊದಲ್ಲಿ ಆಡಲು ಹೋಗಿತ್ತು. ಪಂದ್ಯಕ್ಕೆ ಮುಂಚೆ ನೋಡಿದರೆ ಮೈಕಲ್ ಜೋರ್ಡನ್ ಅವರ 23ನೇ ನಂಬರಿನ ಜರ್ಸಿಯೇ ಇಲ್ಲ, ಯಾರೋ ಕದ್ದಿದ್ದಾರೆ. ತಂಡದವರ ಹತ್ತಿರ ಇದ್ದದ್ದು 12ನೇ ನಂಬರಿನ ಒಂದು ಜರ್ಸಿ, ಅದರ ಬೆನ್ನ ಮೇಲೆ ಹೆಸರೂ ಇರಲಿಲ್ಲ. ಜೋರ್ಡನ್ ಅದನ್ನೇ ಹಾಕಿಕೊಂಡು ಆಡಿದರು. 49 ಪಾಯಿಂಟ್ ಗಳಿಸಿದರು. ಪಂದ್ಯ ಮಾತ್ರ ಬುಲ್ಸ್ ಸೋತಿತು.

ಆ ಜರ್ಸಿಯ ನಕಲನ್ನು ಒಬ್ಬರು ಹೊಲಿದು ಮಾರುತ್ತಾರೆ ಅಂದುಕೊಳ್ಳಿ. ಬೆನ್ನ ಮೇಲೆ ಜೋರ್ಡನ್ ಅಂತ ಹೆಸರು ಸೇರಿಸಿದರೆ ಮಾರಾಟ ಜಾಸ್ತಿ ಆಗಬಹುದು. ಆದರೆ ಹೆಸರು ಸೇರಿದ ಕೂಡಲೇ ಅದು ಆ ರಾತ್ರಿಯ ಜರ್ಸಿ ಆಗಿ ಉಳಿಯುವುದಿಲ್ಲ, ಅಲ್ವಾ? ನನ್ನ ವಾದ ಇಷ್ಟೇ. ಹಳೇ ಕಾಲದ ಜರ್ಸಿಯ ನಕಲು, ಅಂದರೆ ಥ್ರೋಬ್ಯಾಕ್, ಮಾಡಿ, ನಾವು ಖುಷಿಯಿಂದ ಕೊಳ್ಳುತ್ತೇವೆ. ಆದರೆ ಅದು ಯಾರದು, ಯಾವ ತಂಡದ್ದು, ಯಾವ ಸೀಸನ್ನಿನದು ಅಂತ ನೆಟ್ಟಗೆ ಹೇಳಿ. ಹೇಳಿದ ಮೇಲೆ ಆ ಸೀಸನ್ನಿನ ಬಟ್ಟೆ, ಬಣ್ಣ, ಅಕ್ಷರ, ಹೊಲಿಗೆ ಯಾವುದನ್ನೂ ಬದಲಿಸಬೇಡಿ.

ಈ ಹುಚ್ಚು ಶುರುವಾಗಿದ್ದೇ ಅಂಥ ನಿಷ್ಠೆಯಿಂದ. ಫಿಲಡೆಲ್ಫಿಯಾದಲ್ಲಿ ಮಿಚೆಲ್ ಆ್ಯಂಡ್ ನೆಸ್ ಅಂತ ಒಂದು ಕಂಪನಿ ಇದೆ. 1904ರಲ್ಲಿ ಕ್ರೀಡಾ ಸಾಮಾನಿನ ಅಂಗಡಿಯಾಗಿ ಶುರುವಾಯಿತು. ಟೆನಿಸ್ ರಾಕೆಟ್, ಗಾಲ್ಫ್ ಸಾಮಾನು ಮಾರುತ್ತಿದ್ದರು. ಮುಂದೆ ಊರಿನ ತಂಡಗಳಿಗೆ ಸಮವಸ್ತ್ರ ಹೊಲಿದುಕೊಟ್ಟರು. 1980ರ ದಶಕದಲ್ಲಿ ಅದರ ಮಾಲೀಕರು ಪೀಟರ್ ಕ್ಯಾಪೊಲಿನೊ. ಒಬ್ಬ ಗಿರಾಕಿ ಹಳೆಯ ಬೇಸ್‌ಬಾಲ್ ಜರ್ಸಿ ತಂದು ರಿಪೇರಿ ಮಾಡಿಕೊಡಿ ಅಂದರು. ಅದು ಉಣ್ಣೆಯ ಫ್ಲಾನಲ್ ಬಟ್ಟೆ. ಅಷ್ಟು ಹೊತ್ತಿಗೆ ಅಂಥ ಬಟ್ಟೆಯ ಬಳಕೆಯೇ ನಿಂತುಹೋಗಿತ್ತು. ಕ್ಯಾಪೊಲಿನೊ ಹುಡುಕುತ್ತಾ ಹೋದಾಗ ಅದೇ ಊರಿನ ಒಂದು ಗೋದಾಮಿನಲ್ಲಿ 12,000 ಗಜ ಹಳೆಯ ಫ್ಲಾನಲ್ ಸಿಕ್ಕಿತು. ಅದನ್ನು ಕೊಂಡು, ಹಳೆಯ ಜರ್ಸಿಗಳನ್ನು ಇದ್ದ ಹಾಗೇ ಮತ್ತೆ ಹೊಲಿಸಲು ಶುರುಮಾಡಿದರು. ಬೇಸ್‌ಬಾಲ್ ಆದ ಮೇಲೆ ಬ್ಯಾಸ್ಕೆಟ್‌ಬಾಲ್ ಬಂತು.

ಇಲ್ಲಿ ನನಗೆ ತುಂಬಾ ಇಷ್ಟವಾಗುವುದು ಕೆಲಸ ಶುರುವಾದ ರೀತಿ. ಮೊದಲು ಒಂದು ನಿಜವಾದ ಹಳೆಯ ಅಂಗಿ ಕೈಗೆ ಬಂತು. ಆಮೇಲೆ ಅದಕ್ಕೆ ಹೊಂದುವ ನಿಜವಾದ ಬಟ್ಟೆ ಹುಡುಕಿದರು. ವ್ಯಾಪಾರ ಅದರ ಹಿಂದೆ ಬಂತು.

2000ದ ಆಸುಪಾಸಿನಲ್ಲಿ ಹಿಪ್‌ಹಾಪ್ ಗಾಯಕರು ಈ ಜರ್ಸಿಗಳನ್ನು ಕಂಡುಕೊಂಡರು. ವಿಡಿಯೊಗಳಲ್ಲಿ, ಪಾರ್ಟಿಗಳಲ್ಲಿ ಎಲ್ಲೆಲ್ಲೂ ಅವೇ. ಬೆಲೆ ಗಗನಕ್ಕೇರಿತು. 2003ರಲ್ಲಿ ಓಹಾಯೊ ರಾಜ್ಯದ ಅಕ್ರನ್‌ನಲ್ಲಿ ಹೈಸ್ಕೂಲ್ ಓದುತ್ತಿದ್ದ ಒಬ್ಬ ಹುಡುಗ ಕ್ಲೀವ್‌ಲ್ಯಾಂಡಿನ ಒಂದು ಅಂಗಡಿಯಿಂದ ಎರಡು ಥ್ರೋಬ್ಯಾಕ್ ಜರ್ಸಿ ಉಚಿತವಾಗಿ ತೆಗೆದುಕೊಂಡ. ಎರಡೂ ಸೇರಿ 845 ಡಾಲರ್. ಶಾಲಾ ಕ್ರೀಡಾ ಸಂಸ್ಥೆ, ಇದು ಹವ್ಯಾಸಿ ಆಟಗಾರರ ನಿಯಮಕ್ಕೆ ವಿರುದ್ಧ ಅಂತ ಅವನನ್ನು ಆಡದಂತೆ ತಡೆಯಿತು. ವಿಷಯ ಕೋರ್ಟಿಗೆ ಹೋಗಿ, ಅವನಿಗೆ ಮತ್ತೆ ಆಡಲು ಅವಕಾಶ ಸಿಕ್ಕಿತು. ಮುಂದೆ ಬ್ಯಾಸ್ಕೆಟ್‌ಬಾಲ್‌ನ ದೊಡ್ಡ ತಾರೆಯಾದ ಲೆಬ್ರಾನ್ ಜೇಮ್ಸ್ ಆ ಹುಡುಗ.

ಈ ಕಥೆ ಹೇಳುವವರೆಲ್ಲ ದುಡ್ಡಿನ ಬಗ್ಗೆಯೇ ಹೇಳುತ್ತಾರೆ. ನನ್ನ ಗಮನ ಹೋಗುವುದು ಆ ಜರ್ಸಿಗಳಲ್ಲಿ ಒಂದರ ಮೇಲಿದ್ದ ಹೆಸರಿನ ಕಡೆಗೆ: ವೆಸ್ ಅನ್‌ಸೆಲ್ಡ್. ಬುಲೆಟ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ದೊಡ್ಡ ಆಟಗಾರ, 1978ರ ಚಾಂಪಿಯನ್. ಅವರು ಆಟ ಬಿಟ್ಟಿದ್ದು 1981ರಲ್ಲಿ. ಲೆಬ್ರಾನ್ ಹುಟ್ಟಿದ್ದು 1984ರಲ್ಲಿ. ತಾನು ಹುಟ್ಟುವ ಮೊದಲೇ ನಿವೃತ್ತರಾದ ಒಬ್ಬರ ಅಂಗಿಗೆ ಆ ಕಾಲದ ಅತಿ ಪ್ರಸಿದ್ಧ ಶಾಲಾ ಹುಡುಗ ಆಸೆಪಟ್ಟ. ಹಳೆಯ ಹೆಸರನ್ನು ಹೊಸ ಹುಡುಗರ ಬಾಯಿಗೆ ತರುವ ಶಕ್ತಿ ಈ ಬಟ್ಟೆಗಿದೆ. ಅದಕ್ಕೇ ನಾನು ಇದನ್ನು ಸುಮ್ನೆ ಫ್ಯಾಷನ್ ಅಂತ ತಳ್ಳಿಹಾಕಲು ಒಪ್ಪುವುದಿಲ್ಲ.

ಫ್ಯಾಷನ್ ಆಗಿ ಅದು ಬೇಗ ಬಿದ್ದೂ ಹೋಯಿತು. ಅದೇ 2003ರಲ್ಲಿ ಹಿಪ್‌ಹಾಪ್ ಗಾಯಕ ಜೇ-ಝೀ, ನನಗೆ ಮೂವತ್ತು ದಾಟಿತು, ಇನ್ನು ಜರ್ಸಿ ಹಾಕುವುದಿಲ್ಲ ಅನ್ನುವ ಅರ್ಥದಲ್ಲಿ ಹಾಡಿಬಿಟ್ಟರು. ಅಲ್ಲಿಂದ ಗುಂಡಿ ಹಾಕುವ ಶರ್ಟ್‌ಗಳ ಕಾಲ ಬಂತು. ಮಿಚೆಲ್ ಆ್ಯಂಡ್ ನೆಸ್ 2007ರಲ್ಲಿ ಅಡಿಡಾಸ್ ಕೈಗೆ ಹೋಯಿತು. 2022ರಲ್ಲಿ ತಂಡಗಳ ಬಟ್ಟೆ ಮಾರುವ ಫನಾಟಿಕ್ಸ್ ಕಂಪನಿ ಅದನ್ನು ಕೊಂಡಿತು. ಆಗ ಜೊತೆಗೆ ಹಣ ಹಾಕಿದವರಲ್ಲಿ ಜೇ-ಝೀ ಇದ್ದರು, ಲೆಬ್ರಾನ್ ಜೇಮ್ಸ್ ಕೂಡ ಇದ್ದರು.

ಈಗ ಅಂಗಡಿಯಲ್ಲಿ ಸಿಗುವುದನ್ನು ನೋಡೋಣ. ಹೆಚ್ಚಾಗಿ ಕಾಣುವುದು ಎರಡು ಬಗೆ. ಒಂದು ಆಥೆಂಟಿಕ್. ಆಟಗಾರರು ಅಂಗಳದಲ್ಲಿ ಹಾಕಿದ್ದಕ್ಕೆ ಆದಷ್ಟು ಹತ್ತಿರ ಇರುವಂಥದ್ದು. ಟ್ವಿಲ್ ಬಟ್ಟೆಯಲ್ಲಿ ನಂಬರು ಕತ್ತರಿಸಿ, ಪದರದ ಮೇಲೆ ಪದರ ಇಟ್ಟು, ಅಂಚಿಗೆ ಒತ್ತೊತ್ತಾಗಿ ಹೊಲಿದಿರುತ್ತಾರೆ. ಕೈಯಾಡಿಸಿದರೆ ನಂಬರಿನ ದಪ್ಪ ಗೊತ್ತಾಗುತ್ತದೆ. ಅಮೆರಿಕದಲ್ಲಿ ಬೆಲೆ 300 ಡಾಲರ್ ಆಸುಪಾಸು. ಇನ್ನೊಂದು ಸ್ವಿಂಗ್‌ಮನ್. ಅದರ ಅರ್ಧಕ್ಕೂ ಕಡಿಮೆ ಬೆಲೆ, ಹೊಲಿಗೆ ಸರಳ. ನನಗೆ ಸ್ವಿಂಗ್‌ಮನ್ ಬಗ್ಗೆ ಯಾವ ತಕರಾರೂ ಇಲ್ಲ. ಅದರಲ್ಲೂ ಜರ್ಸಿಯ ಕೆಳಗಿನ ಅಂಚಿನ ಹತ್ತಿರ ಒಂದು ಪಟ್ಟಿ ಹೊಲಿದಿರುತ್ತಾರೆ, ಆಟಗಾರರ ಹೆಸರು ಮತ್ತು ಸೀಸನ್ ಬರೆದಿರುತ್ತದೆ. ಕೊಳ್ಳುವಾಗ ಮೊದಲು ಓದಬೇಕಾದದ್ದು ಅದನ್ನೇ.

ಕಡಿಮೆ ಬೆಲೆಯದ್ದು ತಪ್ಪಲ್ಲ. ತಪ್ಪು ಯಾವುದು ಗೊತ್ತಾ? ತಂಡ ಯಾವತ್ತೂ ಹಾಕದ ಕಪ್ಪು-ಚಿನ್ನದ ಬಣ್ಣದಲ್ಲಿ ಜರ್ಸಿ ಹೊಲಿದು, ಮೇಲೆ ವಿಂಟೇಜ್ ಅಂತ ಬರೆಯುವುದು. ಒಂದು ದಶಕದ ಲೋಗೊಗೆ ಇನ್ನೊಂದು ದಶಕದ ಅಕ್ಷರ ಜೋಡಿಸುವುದು. 1984-85ರಲ್ಲಿ ಜೋರ್ಡನ್ ಮೊದಲ ಸೀಸನ್ ಆಡಿದಾಗ ಬುಲ್ಸ್ ಜರ್ಸಿಯ ಎದೆಯ ಮೇಲೆ ಶಿಕಾಗೊ ಅಂತ ಓರೆಯಾಗಿ ಕೂಡಿಸಿ ಬರೆದ ಅಕ್ಷರದಲ್ಲಿ ಇತ್ತು. ಆಮೇಲೆ ದಪ್ಪಕ್ಷರದ ಬುಲ್ಸ್ ಬಂತು. ಅರವತ್ತರ ದಶಕದಲ್ಲಿ ಬಿಲ್ ರಸೆಲ್ ಬಾಸ್ಟನ್ನಿನ ಸೆಲ್ಟಿಕ್ಸ್ ತಂಡದ ಪರ ಹಾಕಿದ 6ನೇ ನಂಬರಿನ ಜರ್ಸಿಯ ಬೆನ್ನ ಮೇಲೆ ಹೆಸರಿಲ್ಲ. ಖಾಲಿ ಬೆನ್ನು ನೋಡಿ, ಇದೇನು ಅರ್ಧಂಬರ್ಧ ಅಂತ ಯಾರಾದರೂ ಕೇಳುತ್ತಾರೆ. ಕೇಳಲಿ. ಆಗ ಹನ್ನೊಂದು ಸಲ ಚಾಂಪಿಯನ್ ಆದವರ ಬಗ್ಗೆ ಹೇಳಲು ನಿಮಗೆ ಒಂದು ಅವಕಾಶ ಸಿಗುತ್ತದೆ.

ಚೆಂದ ಕಾಣದ್ದನ್ನೂ ಉಳಿಸಿಕೊಳ್ಳಬೇಕು. ಟೊರಾಂಟೊ ರ‍್ಯಾಪ್ಟರ್ಸ್ 1995ರಲ್ಲಿ ಎನ್‌ಬಿಎಗೆ, ಅಂದರೆ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗಿಗೆ, ಬಂದಾಗ ನೇರಳೆ ಜರ್ಸಿಯ ಮೇಲೆ ಚೆಂಡು ಹಿಡಿದ ಕೆಂಪು ಡೈನೋಸಾರ್ ಇತ್ತು. ಮಕ್ಕಳ ಕಾರ್ಟೂನಿನ ಹಾಗಿದೆ ಅಂತ ಜನ ನಕ್ಕರು. ಇವತ್ತು ವಿನ್ಸ್ ಕಾರ್ಟರ್ ಅವರ 1998-99ರ ಡೈನೋಸಾರ್ ಜರ್ಸಿ ಅಂದರೆ ಮುಗಿಬೀಳುತ್ತಾರೆ. ಡೈನೋಸಾರ್ ಅನ್ನು ಸ್ವಲ್ಪ ಸಣ್ಣ ಮಾಡಿ, ಬಣ್ಣ ತಿಳಿ ಮಾಡಿ ಅಂತ ಯಾರೂ ಕೇಳುವುದಿಲ್ಲ. ಅಷ್ಟು ಗಾಢವಾಗಿ ಇದ್ದದ್ದೇ ಅದರ ಚೆಂದ.

ಇನ್ನು ಸಿಯಾಟಲ್. ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇರುವುದು ಇಲ್ಲಿ. ಸೂಪರ್‌ಸಾನಿಕ್ಸ್ ತಂಡ 1967ರಿಂದ ಅಲ್ಲಿ ಆಡಿತು, 1979ರಲ್ಲಿ ಚಾಂಪಿಯನ್ ಆಯಿತು. 2008ರಲ್ಲಿ ತಂಡವನ್ನು ಒಕ್ಲಹೋಮ ಸಿಟಿಗೆ ಎತ್ತಿಕೊಂಡು ಹೋದರು. ಹೆಸರು ಮತ್ತು ಹಸಿರು-ಚಿನ್ನದ ಬಣ್ಣ ಮಾತ್ರ ಸಿಯಾಟಲ್‌ಗೇ ಉಳಿದವು. ಅಂದರೆ ಊರಿನಿಂದ ತಂಡ ಹೋಯಿತು, ಬಟ್ಟೆ ಉಳಿಯಿತು. ಸಿಯಾಟಲ್ ಪಕ್ಕದ ಬೆಲ್‌ವ್ಯೂ, ರೆಡ್ಮಂಡ್ ಕಡೆ ಕೆಲಸ ಮಾಡುವ ನಮ್ಮ ಕನ್ನಡದವರು ಬಹಳ ಜನ ಇದ್ದಾರೆ. 2008ರ ನಂತರ ಅಲ್ಲಿಗೆ ಹೋದವರು ಆ ಊರಿನಲ್ಲಿ ಸಾನಿಕ್ಸ್ ಆಡಿದ್ದನ್ನು ನೋಡಲಿಲ್ಲ. ಆದರೂ ಬೀದಿಯಲ್ಲಿ ಆ ಹಸಿರು ಅವರ ಕಣ್ಣಿಗೆ ಬಿದ್ದೇ ಬೀಳುತ್ತದೆ.

2018ರ ಅಕ್ಟೋಬರ್‌ನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ಸಿಯಾಟಲ್‌ನ ಕೀ ಅರೀನಾದಲ್ಲಿ, ಸೀಸನ್ ಶುರುವಾಗುವ ಮೊದಲಿನ ಒಂದು ಪಂದ್ಯ ಆಡಿತು. ಆಗ ಆ ತಂಡದಲ್ಲಿದ್ದ ಕೆವಿನ್ ಡುರಾಂಟ್ ತಮ್ಮ ಮೊದಲ ಸೀಸನ್ ಆಡಿದ್ದು ಇದೇ ಊರಿನಲ್ಲಿ. ಹೆಸರು ಕೂಗಿದಾಗ ಅವರು ಬಂದಿದ್ದು, ತಮಗಿಂತ ಮುಂಚೆ ಅಲ್ಲಿ ಆಡಿದ ಶಾನ್ ಕೆಂಪ್ ಅವರ ಸಾನಿಕ್ಸ್ ಜರ್ಸಿ ಹಾಕಿಕೊಂಡು. ಜನ ಎದ್ದು ನಿಂತು ಕಿರುಚಿದರು. ಸ್ವಂತ ಹೆಸರಿನ ಹಳೆಯ ಜರ್ಸಿ ಹಾಕಬಹುದಿತ್ತು. ಊರು ಹೆಚ್ಚು ಪ್ರೀತಿಸಿದವರ ಜರ್ಸಿ ಆರಿಸಿಕೊಂಡರು. ಯಾವ ಜರ್ಸಿ ಯಾವಾಗ ಹಾಕಬೇಕು ಅಂತ ತಿಳಿದವರು ಮಾಡುವ ಕೆಲಸ ಅದು.

ಜಾಕೆಟ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹೊಳೆಯುವ ಸ್ಯಾಟಿನ್, ಮುಂದೆ ಒತ್ತುಗುಂಡಿ, ತೋಳಿನ ತುದಿಗೆ ಹೆಣೆದ ಪಟ್ಟಿ. ಅದಕ್ಕೆ ಹೆಸರು ಮಾಡಿದ್ದು ಸ್ಟಾರ್ಟರ್ ಕಂಪನಿ, 1971ರಲ್ಲಿ ಕನೆಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ಶುರುವಾದದ್ದು. 1980ರ ದಶಕದ ಕೊನೆಗೆ ಈ ಜಾಕೆಟ್‌ಗೆ ಎಷ್ಟು ಬೇಡಿಕೆ ಇತ್ತೆಂದರೆ, ದೊಡ್ಡ ಊರುಗಳಲ್ಲಿ ಮಕ್ಕಳ ಮೈಮೇಲಿಂದ ಕಿತ್ತುಕೊಳ್ಳುತ್ತಿದ್ದರು, ಜೀವಗಳೂ ಹೋದವು. ಕೆಲವು ಶಾಲೆಗಳು ತಂಡಗಳ ಬಟ್ಟೆಯನ್ನೇ ನಿಷೇಧಿಸಿದವು. ಸ್ಟಾರ್ಟರ್ 1999ರಲ್ಲಿ ದಿವಾಳಿಯಾಯಿತು, ಹೆಸರು ಬೇರೆಯವರ ಕೈಗೆ ಹೋಯಿತು. ಇವತ್ತು ಆ ಜಾಕೆಟ್‌ಗಳು ಮತ್ತೆ ಬಂದಿವೆ. ಜಾಹೀರಾತಿನಲ್ಲಿ ತೊಂಬತ್ತರ ದಶಕದ ಖುಷಿ ಮಾತ್ರ ತೋರಿಸುತ್ತಾರೆ. ಆ ದಶಕದಲ್ಲಿ ಮಗನಿಗೆ ಜಾಕೆಟ್ ಕೊಡಿಸಿ, ಅವನು ಮನೆಗೆ ಬರುವ ತನಕ ಹೆದರಿ ಕೂತ ತಾಯಂದಿರೂ ಇದ್ದರು. ಅದನ್ನೂ ತಿಳಿದು ಹಾಕಿಕೊಳ್ಳೋಣ.

ಒಂದನ್ನೇ ಕೊಳ್ಳುವುದಾದರೆ ಯಾವುದು ಅಂತ ನೀವು ಕೇಳಬಹುದು. ನನ್ನ ಆಯ್ಕೆ ಡೆನ್ವರ್ ನಗೆಟ್ಸ್, ಎಂಬತ್ತರ ದಶಕದ್ದು, ಎದೆಯ ಮೇಲೆ ಕಾಮನಬಿಲ್ಲಿನ ಬಣ್ಣದ ಪಟ್ಟಿ ಮತ್ತು ಊರಿನ ಕಟ್ಟಡಗಳ ಸಾಲು. ನಂಬರ್ 2, ಅಲೆಕ್ಸ್ ಇಂಗ್ಲಿಷ್. 1980ರ ದಶಕದಲ್ಲಿ ಎನ್‌ಬಿಎಯಲ್ಲಿ ಎಲ್ಲರಿಗಿಂತ ಜಾಸ್ತಿ ಪಾಯಿಂಟ್ ಗಳಿಸಿದವರು ಅವರು. ಅದೇ ಕಾಲದ ತಾರೆಗಳಾದ ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಹೆಸರಿನ ನಡುವೆ ಅವರ ಹೆಸರು ಎಷ್ಟು ಜನರಿಗೆ ನೆನಪಿದೆ? ನೀವು ಯಾರ ಜರ್ಸಿ, ಯಾವ ಸೀಸನ್ನಿನದು ಆರಿಸುತ್ತೀರಿ? ಕಾಮೆಂಟಿನಲ್ಲಿ ವರ್ಷದ ಸಮೇತ ಬರೆಯಿರಿ, ಎಲ್ಲವನ್ನೂ ಓದುತ್ತೇನೆ.