ಸುಮ್ಮನಿರುವ ಮಗು

ಕೇಳುಗರೇ, ನಮಸ್ಕಾರ.

ಸಂಜೆ ಡೇ ಕೇರ್‌ನಿಂದ ಮಗುವನ್ನು ಕರೆತರಲು ಹೋದವರು ಕೇಳುವ ಮೊದಲ ಮಾತು, 'ಅತ್ತನಾ?' 'ಇಲ್ಲ, ಸುಮ್ನೆ ಇದ್ದ' ಅಂದರೆ ಮನಸ್ಸು ಹಗುರವಾಗುತ್ತದೆ. ಆದರೆ ಸುಮ್ಮನಿದ್ದ ಮಗು ನೆಮ್ಮದಿಯಾಗಿಯೂ ಇತ್ತೇ?

ನಮ್ಮ ಮೈಯಲ್ಲಿ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಇದೆ. ಬೆಳಿಗ್ಗೆ ಎದ್ದಾಗ ಜಾಸ್ತಿ, ರಾತ್ರಿ ಮಲಗುವ ಹೊತ್ತಿಗೆ ತೀರಾ ಕಡಿಮೆ. ಒತ್ತಡವಾದರೆ ಏರುತ್ತದೆ. ಮಗುವಿನ ಜೊಲ್ಲು ಸ್ವಲ್ಪ ಸಿಕ್ಕರೆ ಸಾಕು, ಅಳೆಯಬಹುದು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಮೇಗನ್ ಗನ್ನರ್ ಮತ್ತು ಜೊತೆಗಾರರು ಹೀಗೇ ಅಳೆದು ನೋಡಿದರು. 2003ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಸರಾಸರಿ ಎರಡೂವರೆ ವರ್ಷದ ಮಕ್ಕಳಲ್ಲಿ 100ಕ್ಕೆ 71 ಮಂದಿಗೆ ಡೇ ಕೇರ್‌ನಲ್ಲಿದ್ದ ದಿನ ಮಧ್ಯಾಹ್ನದ ಹೊತ್ತಿಗೆ ಅದು ಇಳಿಯುವ ಬದಲು ಏರಿತ್ತು. ಮನೆಯಲ್ಲಿದ್ದ ದಿನ ಹೆಚ್ಚಿನ ಮಕ್ಕಳಲ್ಲಿ ಇಳಿದಿತ್ತು. ಅಂಜುವ ಸ್ವಭಾವದ ಮಕ್ಕಳಲ್ಲಿ ಮಟ್ಟ ಜಾಸ್ತಿ, ಜೊತೆಯವರೊಂದಿಗೆ ಬೆರೆತು ಆಡುವವರಲ್ಲಿ ಕಡಿಮೆ.

ಗಾಬರಿಯಾಗಬೇಡಿ. ಏರಿತು ಅಂದ ಮಾತ್ರಕ್ಕೆ ಮಗುವಿಗೆ ಕೆಡುಕಾಯಿತು ಅಂತಲ್ಲ. ಕೆಲಸಕ್ಕೆ ಹೋಗುವ ತಾಯಿಯನ್ನು ದೂರಲು ಇದನ್ನು ಯಾರೂ ಬಳಸಬಾರದು. ಎರಡು ವರ್ಷದ ಮಗುವಿಗೆ ತನ್ನಂಥ ಹತ್ತು ಮಕ್ಕಳ ನಡುವೆ ಇಡೀ ದಿನ ಕಳೆಯುವುದೇ ದೊಡ್ಡ ಕೆಲಸ, ಅಲ್ವಾ? ಆ ಹೊರೆ ಇಳಿಸುವುದು ಅಲ್ಲಿರುವ ದೊಡ್ಡವರ ಕೈಯಲ್ಲಿದೆ. 2010ರಲ್ಲಿ ಗನ್ನರ್ ತಂಡ ಇನ್ನೊಂದು ಸಂಗತಿ ಹೇಳಿತು. ಮಕ್ಕಳ ಆಟಕ್ಕೆ ಪದೇ ಪದೇ ಕೈಹಾಕಿ, ತಾವು ಹೇಳಿದ್ದನ್ನೇ ಮಾಡಿಸುವವರು ಇದ್ದ ಕಡೆ ಈ ಏರಿಕೆ ಜಾಸ್ತಿ.

ಇದು ಕಾಣುವುದು ತೀರಾ ಸಣ್ಣ ಕೆಲಸಗಳಲ್ಲಿ. ಮೂಗು ಒರೆಸುವುದನ್ನೇ ನೋಡಿ. ಮಗು ಆಡುತ್ತಾ ಕೂತಿದೆ. ಹಿಂದಿನಿಂದ ಒಂದು ಕೈ ಬಂದು ತಲೆ ಹಿಡಿದು ಬಟ್ಟೆಯಲ್ಲಿ ಒರೆಸಿ ಹೋಗುತ್ತದೆ. ಮಗುವಿನ ಕತ್ತು ಸೆಟೆಯುತ್ತದೆ. ಇನ್ನೊಬ್ಬರು ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಬಟ್ಟೆ ತೋರಿಸಿ, 'ಮೂಗು ಒರೆಸ್ಲಾ ಪುಟ್ಟಾ?' ಅನ್ನುತ್ತಾರೆ. ಒಂದು ಗಳಿಗೆ ಕಾಯುತ್ತಾರೆ. ಮಗು ತಾನಾಗಿಯೇ ಮುಖ ಮುಂದೆ ಮಾಡುತ್ತದೆ. ದಿನಕ್ಕೆ ಇಂಥವು ಎಷ್ಟೋ ಸಲ ಆಗುತ್ತವೆ. ಗೋಡೆಯ ಬಣ್ಣ, ದುಬಾರಿ ಆಟಿಕೆಗಿಂತ ಗುಣಮಟ್ಟ ಅನ್ನುವುದು ನನಗೆ ಇದೇ.

ಆ ಒಂದು ಗಳಿಗೆ ಕಾಯಲು ಅವರಿಗೂ ಬಿಡುವಿರಬೇಕು. ಅಮೆರಿಕದ ಮಕ್ಕಳ ವೈದ್ಯರ ಸಂಘದ ಪ್ರಕಾರ ವರ್ಷದೊಳಗಿನ ಮೂರು ಕೂಸುಗಳಿಗೆ ಒಬ್ಬರಾದರೂ ಬೇಕು. ಹತ್ತು ಕೂಸುಗಳನ್ನು ಒಬ್ಬರಿಗೇ ಒಪ್ಪಿಸಿ ತಾಳ್ಮೆ ಕೇಳುವುದು ನ್ಯಾಯವಲ್ಲ. ಸಂಬಳ ಸಾಲದೆ ಅವರು ಕೆಲಸ ಬಿಟ್ಟರೆ, ಮಗು ಅಷ್ಟು ದಿನ ಹಚ್ಚಿಕೊಂಡಿದ್ದ ಮುಖವೇ ಮರೆಯಾಗುತ್ತದೆ. ಡೇ ಕೇರ್ ಹುಡುಕುವಾಗ ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಅಂತ ಅವರನ್ನೇ ಕೇಳಿ. ಸ್ವಲ್ಪ ಹೊತ್ತು ಮೂಲೆಯಲ್ಲಿ ಕೂತು ನೋಡಿ. ಮಗು ಬಿದ್ದಾಗ ಯಾರ ಕಡೆ ಓಡುತ್ತದೆ?

ಸಂಜೆ ಕರೆತರಲು ಹೋದಾಗ, 'ಅತ್ತನಾ?' ಅನ್ನುವ ಜೊತೆಗೆ ಇದನ್ನೂ ಕೇಳಿ: 'ಅತ್ತಾಗ ಯಾರು ಎತ್ಕೊಂಡ್ರಿ?'

ನಮಸ್ಕಾರ.